ಬಾರ್ಖೋರ್ ಬೀದಿಯ ಹಳೆಯ ಫೋಟೊಗಳು: ಅಡಿಬರಹ ಬರೆಯಬೇಕಾದವರು ಯಾರು?

ಲ್ಹಾಸಾ ನಗರದ ಬಾರ್ಖೋರ್ ಬೀದಿಯ ಕಪ್ಪು-ಬಿಳುಪು ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ದಾಟುವಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಅಡಿಬರಹವನ್ನು ಹೊತ್ತಿರುತ್ತವೆ. ಚೀನಾದ ಸೇನೆ ಬರುವ ಮೊದಲು ಟಿಬೆಟ್ ಎಷ್ಟು ನೆಮ್ಮದಿಯಾಗಿತ್ತು ನೋಡಿ ಎನ್ನುವುದು ಒಂದು. ಚೀನಾ ಬಿಡುಗಡೆ ಮಾಡುವ ಮೊದಲು ಟಿಬೆಟ್ ಎಂಥ ಜೀತದ ಕೂಪವಾಗಿತ್ತು ನೋಡಿ ಎನ್ನುವುದು ಇನ್ನೊಂದು. ಎರಡರಲ್ಲೂ ಬೀದಿ ಅದೇ. ಬಿಳಿ ಬಟ್ಟೆಯ ಚಪ್ಪರ, ಅದರಡಿ ಹರಡಿದ ಸಾಮಾನು, ಸಾಮಾನಿನ ಹಿಂದೆ ಕಾಲು ಮಡಚಿ ಕುಳಿತ ಹೆಂಗಸು. ಆಕೆ ಏನು ಮಾರುತ್ತಿದ್ದಾಳೆ ಎಂದು ಎರಡೂ ಬಣದವರು ಕೇಳುವುದಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಪೇಟೆಯ ಚಿತ್ರವನ್ನು ಪೇಟೆಯ ಚಿತ್ರವಾಗಿ ನೋಡುವವರು ಕಡಿಮೆ. ಹಾಗೆ ನೋಡಿ ಇದು ಇಂಥ ಮೂಲೆ, ಇದು ಇಂಥವರ ಅಂಗಡಿ ಎಂದು ಹೇಳಬಲ್ಲವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರಲ್ಲಿ ಕೆಲವರು ಇರುವುದು ನಮ್ಮ ಮೈಸೂರು ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ.

ನೂರು ವರ್ಷ ಹಳೆಯ ಫೋಟೊಗಳು ಇವತ್ತಿನ ಸಂಗತಿ ಹೇಗಾದವು? ಮೊದಲನೆಯದಾಗಿ, ಅವು ತೋರಿಸುವ ಪೇಟೆ ಈಗ ಆ ಬೀದಿಯಲ್ಲಿ ಇಲ್ಲ. 2013ರಲ್ಲಿ ಹಳೆ ನಗರದ ನವೀಕರಣ ನಡೆದಾಗ ಬಾರ್ಖೋರಿನ ಬಯಲಂಗಡಿಗಳನ್ನು ಎತ್ತಿಸಿ ಹೊಸದಾಗಿ ಕಟ್ಟಿದ ವ್ಯಾಪಾರ ಸಂಕೀರ್ಣದೊಳಕ್ಕೆ ಸಾಗಿಸಲಾಯಿತು. ಎರಡನೆಯದು ಹೆಸರಿನ ಜಗಳ. 2023ರಿಂದೀಚೆಗೆ ಚೀನಾ ಸರ್ಕಾರ ತನ್ನ ಇಂಗ್ಲಿಷ್ ದಾಖಲೆಗಳಲ್ಲಿಯೂ 'ಟಿಬೆಟ್' ಎಂಬುದರ ಜಾಗಕ್ಕೆ 'ಶೀಜಾಂಗ್' ಎಂಬ ಚೀನೀ ಹೆಸರನ್ನು ಪಟ್ಟು ಹಿಡಿದು ತರುತ್ತಿದೆ. 2024ರಲ್ಲಿ ಪ್ಯಾರಿಸ್ಸಿನ ಎರಡು ವಸ್ತುಸಂಗ್ರಹಾಲಯಗಳ ಮುಂದೆ ಟಿಬೆಟಿಯನ್ನರು ಪ್ರತಿಭಟಿಸಿದರು: ಕೇ ಬ್ರಾನ್ಲಿ ತನ್ನ ಪಟ್ಟಿಯಲ್ಲಿ 'ಶೀಜಾಂಗ್' ಎಂದು ಬರೆದಿತ್ತು, ಗಿಮೆ ಸಂಗ್ರಹಾಲಯ ಟಿಬೆಟ್ ವಿಭಾಗವನ್ನು 'ಹಿಮಾಲಯ ಜಗತ್ತು' ಎಂದು ಕರೆದಿತ್ತು. ಕೇ ಬ್ರಾನ್ಲಿ ಹಿಂದಿನ ಹೆಸರಿಗೆ ಮರಳಿತು. ಅಡಿಬರಹದ ಒಂದು ಪದಕ್ಕಾಗಿ ಜನ ಬೀದಿಗಿಳಿದರು ಎಂದರೆ ಅಡಿಬರಹ ಸಣ್ಣ ವಿಷಯವಲ್ಲ ಎಂದಾಯಿತು. ಮೂರನೆಯದು, ಹಳೆಯ ಚಿತ್ರಗಳಿಗೆ ಕ್ಷಣಾರ್ಧದಲ್ಲಿ ಬಣ್ಣ ಬಳಿದುಕೊಡುವ ಕೃತಕ ಬುದ್ಧಿಮತ್ತೆ. ಅದರ ಮಾತು ಆಮೇಲೆ.

ಮೊದಲು ಬೀದಿಯನ್ನು ನೋಡೋಣ. ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿರುವ ಲ್ಹಾಸಾದ ನಡುವೆ ಜೋಖಾಂಗ್ ಇದೆ. ಏಳನೆಯ ಶತಮಾನದಲ್ಲಿ ದೊರೆ ಸೋಂಗ್‌ತ್ಸೆನ್ ಗಾಂಪೊ ಕಾಲದಲ್ಲಿ ಆರಂಭವಾದ ಈ ದೇಗುಲದ ಸುತ್ತ ಮೂರು ಪ್ರದಕ್ಷಿಣೆಯ ಹಾದಿಗಳು. ಒಳಗಿನದು ನಾಂಗ್‌ಖೋರ್, ನಡುವಿನದು ಬಾರ್ಖೋರ್, ಇಡೀ ಹಳೆ ನಗರವನ್ನು ಸುತ್ತುವರಿದದ್ದು ಲಿಂಗ್‌ಖೋರ್. 'ಖೋರ್' ಎಂದರೆ ಸುತ್ತು, 'ಬಾರ್' ಎಂದರೆ ನಡು. ನಡುವಿನ ಈ ಸುತ್ತು ಒಂದು ಕಿಲೋಮೀಟರಿಗಿಂತ ತುಸು ಕಡಿಮೆ. ಅದರ ಇಕ್ಕೆಲದಲ್ಲಿ ಎರಡು-ಮೂರು ಅಂತಸ್ತಿನ ಕಲ್ಲಿನ ಮನೆಗಳು, ಕಿಟಕಿಗಳ ಸುತ್ತ ಕಪ್ಪು ಪಟ್ಟಿ, ಕೆಳಗೆ ಅಂಗಡಿ, ಮೇಲೆ ವಾಸ. ನಾಲ್ಕು ದಿಕ್ಕಿಗೂ ಧೂಪ ಸುಡುವ ದೊಡ್ಡ ಗೂಡುಗಳು, ಮೂಲೆಗಳಲ್ಲಿ ಪ್ರಾರ್ಥನಾ ಪತಾಕೆ ಸುತ್ತಿದ ಎತ್ತರದ ಕಂಬಗಳು. ಉಡುಪಿಯ ರಥಬೀದಿಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ದೇವರನ್ನು ಸುತ್ತುವ ಹಾದಿಯೂ ಪಾತ್ರೆ-ಬಟ್ಟೆ ಕೊಳ್ಳುವ ಹಾದಿಯೂ ಒಂದೇ ಆಗಿರುವುದು ನಮಗೆ ವಿಚಿತ್ರವಲ್ಲ. ಯುರೋಪಿನಿಂದ ಬಂದ ಹಲವರಿಗೆ ಅದೇ ವಿಚಿತ್ರವಾಗಿ ಕಂಡಿತು. ಪವಿತ್ರ ನಗರದಲ್ಲಿ ಚೌಕಾಸಿಯೇ ಎಂದು ಅವರು ಹುಬ್ಬೇರಿಸಿದರು.

ಪ್ರದಕ್ಷಿಣೆಯಿಂದ ಚಿತ್ರ ಓದುವವರಿಗೆ ಒಂದು ಉಪಕಾರವಿದೆ. ಬಾರ್ಖೋರಿನಲ್ಲಿ ಬೌದ್ಧರು ದೇಗುಲವನ್ನು ಬಲಕ್ಕಿಟ್ಟುಕೊಂಡೇ ನಡೆಯುತ್ತಾರೆ, ಜಪಚಕ್ರವನ್ನು ಬಲಗೈಯಲ್ಲಿ ತಿರುಗಿಸುತ್ತಾರೆ. ಆದ್ದರಿಂದ ಜನ ಹರಿಯುವ ದಿಕ್ಕನ್ನು ನೋಡಿದರೆ ಜೋಖಾಂಗ್ ಯಾವ ಮಗ್ಗುಲಿಗಿದೆ ಎಂದು ಗೊತ್ತಾಗುತ್ತದೆ. ನೆರಳು ಬೀಳುವ ಕಡೆ ನೋಡಿದರೆ ಹೊತ್ತೂ ಹೆಚ್ಚು-ಕಡಿಮೆ ಗೊತ್ತಾಗುತ್ತದೆ. ಗಾಜಿನ ನೆಗೆಟಿವ್ ಅನ್ನು ತಿರುವುಮುರುವಾಗಿ ಇಟ್ಟು ಮುದ್ರಿಸಿದ್ದರೆ ಇಡೀ ಜನಜಂಗುಳಿ ಅಪ್ರದಕ್ಷಿಣೆ ಹಾಕತೊಡಗುತ್ತದೆ, ಜಪಚಕ್ರಗಳು ಎಡಗೈಗೆ ಬರುತ್ತವೆ. ಇಂಥ ತಪ್ಪನ್ನು ಹಿಡಿಯಲು ಯಾವ ಯಂತ್ರವೂ ಬೇಡ, ಪ್ರದಕ್ಷಿಣೆ ಹಾಕಿ ಗೊತ್ತಿದ್ದರೆ ಸಾಕು.

ಈ ಬೀದಿಗೆ ಕ್ಯಾಮೆರಾ ಮೊದಲು ಬಂದದ್ದು ಕಳ್ಳನಂತೆ. 1900ರ ಬೇಸಿಗೆಯಲ್ಲಿ ರಷ್ಯಾದ ಬುರ್ಯಾತ್ ಜನಾಂಗದ ವಿದ್ವಾಂಸ ಗೊಂಬೊಜಾಬ್ ತ್ಸಿಬಿಕೋವ್ ಯಾತ್ರಿಕರ ಗುಂಪಿನಲ್ಲಿ ಯಾತ್ರಿಕನಾಗಿ ಲ್ಹಾಸಾ ತಲುಪಿ ಒಂದು ವರ್ಷ ಅಲ್ಲಿದ್ದ. ಆತ ಹುಟ್ಟಿನಿಂದ ಬೌದ್ಧ, ಆದ್ದರಿಂದ ವೇಷ ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೆ ಕಳಿಸಿದ್ದು ರಷ್ಯಾದ ಭೂಗೋಳ ಸಂಘ, ಜೊತೆಯಲ್ಲಿದ್ದದ್ದು ಕ್ಯಾಮೆರಾ. ಅದೇ ಹೊತ್ತಿಗೆ ಓವ್ಶೆ ನೋರ್ಜುನೋವ್ ಎಂಬ, ರಷ್ಯಾದ ಕಲ್ಮಿಕ್ ಜನಾಂಗದ ಯಾತ್ರಿಕನೂ ಲ್ಹಾಸಾದ ಚಿತ್ರಗಳನ್ನು ತೆಗೆದ. ಸಿಕ್ಕಿಬಿದ್ದರೆ ಉಳಿಗಾಲವಿಲ್ಲದ ಕೆಲಸ. ಇಬ್ಬರ ಚಿತ್ರಗಳೂ ಬಹುಮಟ್ಟಿಗೆ ದೂರದವು: ಮಠಗಳು, ಅರಮನೆ, ಬೆಟ್ಟದ ಇಳಿಜಾರು. ಅಂಗಡಿಯವಳ ಎದುರು ನಿಂತು ಅವಳ ಮುಖ ಹಿಡಿಯುವುದು ಕದ್ದು ತೆಗೆಯುವವನಿಗೆ ಆಗದ ಮಾತು.

ಆ ಚಿತ್ರಗಳು ಜಗತ್ತಿಗೆ ಹಬ್ಬಿದ ಬಗೆಯೂ ಸ್ವಾರಸ್ಯದ್ದು. ವಾಷಿಂಗ್ಟನ್ನಿನ ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆಯ 1905ರ ಜನವರಿ ಸಂಚಿಕೆಗೆ ಹನ್ನೊಂದು ಪುಟಗಳ ಸಾಮಗ್ರಿ ಕಡಿಮೆ ಬಿತ್ತು. ಸಂಪಾದಕ ಗಿಲ್ಬರ್ಟ್ ಗ್ರೋವೆನರ್ ಮೇಜಿನ ಮೇಲೆ ರಷ್ಯನ್ನರು ಪುಕ್ಕಟೆ ಕಳಿಸಿದ್ದ ಲ್ಹಾಸಾದ ಫೋಟೊಗಳ ಕಟ್ಟು ಬಂದಿತ್ತು. ಕೆಲಸ ಹೋದರೂ ಹೋಗಲಿ ಎಂದು ಪುಟಗಳ ತುಂಬ ಬರೀ ಚಿತ್ರ ತುಂಬಿಸಿದ. ಕೆಲಸ ಹೋಗಲಿಲ್ಲ, ಜನ ದಾರಿಯಲ್ಲಿ ನಿಲ್ಲಿಸಿ ಅಭಿನಂದಿಸಿದರು. ಚಿತ್ರಪತ್ರಿಕೋದ್ಯಮದ ಒಂದು ಘಟ್ಟವೇ ಇಲ್ಲಿಂದ ಆರಂಭವಾಯಿತು ಎಂದು ಆ ಪತ್ರಿಕೆ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಖಾಲಿ ಪುಟ ತುಂಬಲು ಬಂದ ಲ್ಹಾಸಾ 'ನಿಷೇಧಿತ ನಗರಿ' ಎಂಬ ಪಟ್ಟದೊಂದಿಗೆ ಓದುಗರ ತಲೆಯಲ್ಲಿ ಕುಳಿತುಬಿಟ್ಟಿತು.

ಅಷ್ಟರಲ್ಲಿ ಲ್ಹಾಸಾಕ್ಕೆ ಇನ್ನೊಂದು ಬಗೆಯ ಕ್ಯಾಮೆರಾ ಬಂದಾಗಿತ್ತು, ಬಂದೂಕಿನ ಜೊತೆ. 1904ರ ಮಾರ್ಚ್ 31ರಂದು ಗುರು ಎಂಬ ಊರಿನ ಬಳಿ, ಟಿಬೆಟ್ ಮೇಲೆ ಏರಿಬಂದ ಬ್ರಿಟಿಷ್ ಕರ್ನಲ್ ಯಂಗ್‌ಹಸ್ಬೆಂಡ್ ತಂಡದ ಮ್ಯಾಕ್ಸಿಮ್ ಬಂದೂಕುಗಳು ನೂರಾರು ಟಿಬೆಟಿಯನ್ನರನ್ನು ಕೆಲವೇ ನಿಮಿಷಗಳಲ್ಲಿ ಕೆಡವಿದ್ದವು. ಆಗಸ್ಟ್ ಆರಂಭದಲ್ಲಿ ಆ ಪಡೆ ಲ್ಹಾಸಾ ಸೇರಿತು. ಹದಿಮೂರನೆಯ ದಲೈ ಲಾಮಾ ಅಷ್ಟರಲ್ಲೇ ಮಂಗೋಲಿಯಾದ ದಾರಿ ಹಿಡಿದಿದ್ದರು. ಸಿಕ್ಕಿಮಿನ ರಾಜಕೀಯ ಅಧಿಕಾರಿ ಜಾನ್ ಕ್ಲಾಡ್ ವೈಟ್ ಸೇರಿದಂತೆ ಪಡೆಯಲ್ಲಿ ಹಲವರ ಬಳಿ ಕ್ಯಾಮೆರಾ ಇತ್ತು. ಆ ಕಾಲದ ಪೇಟೆಯ ಚಿತ್ರಗಳಲ್ಲಿ ಎಲ್ಲವೂ ಶಾಂತವಾಗಿದೆ, ವ್ಯಾಪಾರ ನಡೆದಿದೆ. ಆದರೆ ಅದೇ ಆಗಸ್ಟಿನಲ್ಲಿ ಒಬ್ಬ ಭಿಕ್ಷು ಕತ್ತಿ ಹಿಡಿದು ಬ್ರಿಟಿಷ್ ಶಿಬಿರಕ್ಕೆ ನುಗ್ಗಿ ಇಬ್ಬರು ಅಧಿಕಾರಿಗಳ ಮೇಲೆ ಬಿದ್ದ, ಅವನನ್ನು ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ಕ್ಯಾಮೆರಾದ ಎದುರು ಸುಮ್ಮನೆ ಕುಳಿತ ಅಂಗಡಿಯವಳು ನಿಜಕ್ಕೂ ನೆಮ್ಮದಿಯಿಂದ ಕುಳಿತಿದ್ದಳೋ, ಅಲುಗಾಡಿದರೆ ಏನಾಗುವುದೋ ಎಂದು ಕುಳಿತಿದ್ದಳೋ, ಚಿತ್ರ ಹೇಳುವುದಿಲ್ಲ.

ಅಲುಗಾಟದ ಮಾತು ಬಂದಾಗ ತಾಂತ್ರಿಕ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಆ ಎತ್ತರದ ಬಿಸಿಲು ಬಲು ತೀಕ್ಷ್ಣ. ಬಿಸಿಲಿದ್ದಲ್ಲಿ ಸುಣ್ಣದಷ್ಟು ಬಿಳುಪು, ನೆರಳಿದ್ದಲ್ಲಿ ಮಸಿಯಷ್ಟು ಕಪ್ಪು. ಚಪ್ಪರದ ನೆರಳಲ್ಲಿರುವುದನ್ನು ಹಿಡಿಯಲು ಆ ಕಾಲದ ಗಾಜಿನ ಫೋಟೊ ಪ್ಲೇಟಿಗೆ ಹೆಚ್ಚು ಹೊತ್ತು ಬೆಳಕು ಬೇಕಿತ್ತು. ಹಾಗಾಗಿ ಕುಳಿತ ವ್ಯಾಪಾರಿ ಚೊಕ್ಕವಾಗಿ ಮೂಡುತ್ತಾಳೆ, ನಡೆಯುವ ಯಾತ್ರಿಕ ಹೊಗೆಯಂತೆ ಕಲೆಸಿಹೋಗುತ್ತಾನೆ. ಇದನ್ನು ನೋಡಿ 'ಕಾಲ ನಿಂತುಹೋದ ನಗರ' ಎಂದು ಬರೆದವರಿದ್ದಾರೆ. ನಿಂತದ್ದು ಕಾಲವಲ್ಲ, ನಡೆದವರು ಪ್ಲೇಟಿಗೆ ಸಿಗಲಿಲ್ಲ ಅಷ್ಟೆ. ಜೊತೆಗೆ ಆಗಿನ ಬಹುಪಾಲು ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಭಿಕ್ಷುಗಳ ಕಡುಗೆಂಪು ಬಟ್ಟೆ ಕಪ್ಪಾಗುತ್ತಿತ್ತು, ಹವಳ ಕಪ್ಪು ಮಣಿಯಾಗುತ್ತಿತ್ತು, ಗಾಢ ನೀಲಿಯ ಆಕಾಶ ಬೆಳ್ಳಗಾಗುತ್ತಿತ್ತು. ಹಬ್ಬದ ಬಣ್ಣಗಳಿಂದ ಕಿಕ್ಕಿರಿದ ಬೀದಿ ಕತ್ತಲೆಯ, ಕೊಳಕು ಬೀದಿಯಂತೆ ಕಾಣಲು ರಸಾಯನಶಾಸ್ತ್ರದ ಪಾಲೂ ಇದೆ. 'ಜೀತದ ಕೂಪ' ಎಂದು ಅಡಿಬರಹ ಬರೆಯುವವರಿಗೆ ಈ ಕಪ್ಪು ತುಂಬ ಒದಗಿಬಂದಿದೆ.

ಇಪ್ಪತ್ತರ ದಶಕದಿಂದ ಕ್ಯಾಮೆರಾ ರಾಜಾರೋಷವಾಗಿಯೇ ಬೀದಿಗಿಳಿಯಿತು. ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಬೆಲ್ 1920ರ ನವೆಂಬರಿನಿಂದ ಸುಮಾರು ಒಂದು ವರ್ಷ ದಲೈ ಲಾಮಾ ಅವರ ಅತಿಥಿಯಾಗಿ ಲ್ಹಾಸಾದಲ್ಲಿದ್ದರು. 1936ರಲ್ಲಿ ಬಂದ ಬ್ರಿಟಿಷ್ ನಿಯೋಗದಲ್ಲಿ ಸ್ಪೆನ್ಸರ್ ಚಾಪ್‌ಮನ್ ಇದ್ದರು, ಹ್ಯೂ ರಿಚರ್ಡ್‌ಸನ್ 1950ರ ವರೆಗೂ ಹೋಗಿಬಂದು ಇದ್ದರು. ಇವರೆಲ್ಲರ ಮತ್ತು ಇವರಂಥವರ 6,000ಕ್ಕೂ ಹೆಚ್ಚು ಚಿತ್ರಗಳನ್ನು ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಸಂಗ್ರಹಾಲಯ ಮತ್ತು ಬ್ರಿಟಿಷ್ ಮ್ಯೂಸಿಯಂ ಸೇರಿ ಅಂತರ್ಜಾಲಕ್ಕೆ ಹಾಕಿವೆ. ನಿಜಕ್ಕೂ ಅಪರೂಪದ ಕೆಲಸ. ಅದರ ಪಟ್ಟಿಯನ್ನು ತಿರುವಿ ಹಾಕುತ್ತ ಹೋದರೆ ಎರಡು ವಿಷಯ ಕಣ್ಣಿಗೆ ಹೊಡೆಯುತ್ತವೆ.

ಒಂದು, ನಿಯೋಗದವರ ಜೊತೆ ಊಟಕ್ಕೆ ಕೂತ ಶ್ರೀಮಂತರಿಗೆ, ಅಧಿಕಾರಿಗಳಿಗೆ, ಅವರ ಹೆಂಡತಿಯರಿಗೆ ಹೆಸರಿದೆ, ಪದವಿಯಿದೆ, ಮನೆತನವಿದೆ. ಪೇಟೆಯಲ್ಲಿರುವವರು ಮಾತ್ರ 'ಒಬ್ಬ ಹೆಂಗಸು', 'ವ್ಯಾಪಾರಿ', 'ಯಾತ್ರಿಕರು', 'ಭಿಕ್ಷುಕ'.

ಎರಡನೆಯದು ಇನ್ನೂ ಕುತೂಹಲದ್ದು. ಬೆಲ್ ಅವರ ಸಂಗ್ರಹದಲ್ಲಿರುವ ಚಿತ್ರಗಳಲ್ಲಿ ಹಲವನ್ನು ಬೆಲ್ ತೆಗೆಯಲೇ ಇಲ್ಲ. ತೆಗೆದವರು ಅವರ ಆಳು ರಬ್ದೆನ್ ಲೆಪ್ಚಾ, ಹೆಸರೇ ಹೇಳುವಂತೆ ಸಿಕ್ಕಿಮ್-ಡಾರ್ಜಿಲಿಂಗ್ ಕಡೆಯ ಲೆಪ್ಚಾ ಜನಾಂಗದವರು. ಕ್ಯಾಮೆರಾ ಕೆಲಸ ಕಲಿತು, ಸಾಹೇಬರು ಮಾತುಕತೆಯಲ್ಲಿದ್ದಾಗ ಬೀದಿ, ಮಠ, ಹಬ್ಬಗಳನ್ನು ಹಿಡಿದವರು. ಬೆಲ್ ಪ್ರಾಮಾಣಿಕ ಮನುಷ್ಯ, ತಮ್ಮ ಟಿಪ್ಪಣಿಗಳಲ್ಲಿ ರಬ್ದೆನ್ ಹೆಸರನ್ನು ಬರೆದಿಟ್ಟರು. ಆದ್ದರಿಂದಲೇ ಇವತ್ತಿನ ಪಟ್ಟಿಗಾರರು ಹಲವು ಚಿತ್ರಗಳಿಗೆ 'ರಬ್ದೆನ್ ಲೆಪ್ಚಾ' ಎಂದೇ ಬರೆಯುತ್ತಾರೆ, ಖಾತ್ರಿಯಿಲ್ಲದ ಕಡೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. 'ಬಿಳಿಯನ ಕಣ್ಣಿನ ಟಿಬೆಟ್' ಎಂದು ಈ ಚಿತ್ರಗಳನ್ನೆಲ್ಲ ಒಂದೇ ಏಟಿಗೆ ಪಕ್ಕಕ್ಕಿಡುವ ವಿಮರ್ಶೆ ಇದೆಯಲ್ಲ, ಅದು ರಬ್ದೆನ್ ಅವರನ್ನು ಎರಡನೆಯ ಸಲ ಅಳಿಸಿಹಾಕುತ್ತದೆ ಎಂದು ನನಗನ್ನಿಸುತ್ತದೆ.

ಹಾಗಾದರೆ ಪೇಟೆಯ ಚಿತ್ರಗಳಲ್ಲಿ ಏನಿದೆ? ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ರುಚಿಸುವ ಭಾಗ ಇದು. ಚಪ್ಪರದಡಿ ಇಟ್ಟಿಗೆಯಂತೆ ಅಚ್ಚೊತ್ತಿದ ಚಹಾ ಇದೆ. ಸಿಚುವಾನಿನ ಯಾಆನ್ ಕಡೆಯಿಂದ ದಾರ್ತ್ಸೆದೊ ಮೂಲಕ ತಿಂಗಳುಗಟ್ಟಲೆ ಹಾದಿ ಸವೆಸಿ ಬಂದದ್ದು. ಬೆಣ್ಣೆ, ಉಣ್ಣೆ, ಉಪ್ಪು ಇವೆ. ಕಲ್ಕತ್ತಾದಿಂದ ಕಾಲಿಂಪಾಂಗ್, ಜೆಲೆಪ್ ಲಾ ಕಣಿವೆ, ಫಾರಿ, ಗ್ಯಾಂತ್ಸೆ ದಾಟಿ ಹೇಸರಗತ್ತೆಗಳ ಬೆನ್ನೇರಿ ಬಂದ ಬಟ್ಟೆ, ಅಲ್ಯೂಮಿನಿಯಂ ಪಾತ್ರೆ, ಬೆಂಕಿಪೊಟ್ಟಣ ಇವೆ. ಮೂವತ್ತರ ದಶಕದ ಚಿತ್ರಗಳಲ್ಲಿ ಗಂಡಸರ ತಲೆ ನೋಡಿ: ಉದ್ದ ಜಡೆ, ಕಿವಿಯಲ್ಲಿ ಫಿರೋಜಾ ಕಲ್ಲು, ತಲೆಯ ಮೇಲೆ ವಿಲಾಯತಿ ಫೆಲ್ಟ್ ಟೋಪಿ! ಹೆಂಗಸರ ತಲೆಯ ಮೇಲೆ ಹವಳ, ಫಿರೋಜಾ ಕೂಡಿಸಿದ ತ್ರಿಕೋನಾಕಾರದ 'ಪತ್ರುಕ್'. ಶ್ರೀಮಂತ ಮನೆಯವಳಾದರೆ ಮುತ್ತು. ಬಯಲಂಗಡಿಗಳಲ್ಲಿ ಕುಳಿತವರು ಬಹುಪಾಲು ಹೆಂಗಸರೇ. ಲ್ಹಾಸಾದ ಚಿಲ್ಲರೆ ವ್ಯಾಪಾರ ಹೆಂಗಸರ ಕೈಯಲ್ಲಿದೆ ಎಂದು ಅಂದಿನ ಪ್ರವಾಸಿಗಳು ಬೆರಗಿನಿಂದ ಬರೆದಿದ್ದಾರೆ.

ಕಟ್ಟಡದೊಳಗಿನ ಅಂಗಡಿಗಳ ಯಜಮಾನರಲ್ಲಿ ಹಲವರು ಟಿಬೆಟಿಯನ್ನರೇ ಅಲ್ಲ. ಕಾಠ್ಮಂಡು ಕಣಿವೆಯ ನೇವಾರರು ತಲೆಮಾರುಗಳಿಂದ ಅಲ್ಲಿ ನೆಲೆಸಿದ್ದರು. 1856ರ ನೇಪಾಳ-ಟಿಬೆಟ್ ಒಪ್ಪಂದ ಅವರಿಗೆ ಸುಂಕವಿಲ್ಲದ ವ್ಯಾಪಾರವನ್ನೂ ತಮ್ಮದೇ ನ್ಯಾಯವ್ಯವಸ್ಥೆಯನ್ನೂ ಕೊಟ್ಟಿತ್ತು. 'ಖಾಚೆ' ಎಂದು ಕರೆಯುತ್ತಿದ್ದ ಕಾಶ್ಮೀರಿ ಮೂಲದ ಮುಸ್ಲಿಮರು ಇದ್ದರು, ಚೀನಾದ ಮುಸ್ಲಿಮರು, ಭೂತಾನಿನವರು, ಲಡಾಖಿನವರು ಇದ್ದರು. ಪೂರ್ವದ ಖಾಮ್ ಪ್ರಾಂತದಿಂದ ಬಂದ ಎತ್ತರದ ಆಳುಗಳು ಚಹಾ, ಕುದುರೆ, ಕತ್ತಿ ವ್ಯಾಪಾರ ಮಾಡುತ್ತಿದ್ದರು. ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿ ಸಲೀಸಾಗಿ ಓಡುತ್ತಿತ್ತು. ಜಗತ್ತಿನಿಂದ ದೂರ ಉಳಿದ, ಹೊರಗಿನ ಗಾಳಿ ಸೋಕದ ಟಿಬೆಟ್ ಎಂಬ ಕಥೆ ಈ ಬೀದಿಯಲ್ಲಿ ಹತ್ತು ಹೆಜ್ಜೆಯೂ ನಿಲ್ಲುವುದಿಲ್ಲ. ದೇಶಭ್ರಷ್ಟರ ಹಂಬಲದ ಅಡಿಬರಹಕ್ಕೂ, ಚೀನಾ ಬಂದು ಬಾಗಿಲು ತೆರೆಯಿತು ಎನ್ನುವ ಅಡಿಬರಹಕ್ಕೂ ಈ ಅಂಗಡಿಸಾಲು ತೊಡಕು.

ಕಹಿಯೂ ಇದೆ. ಕಾಲಿಗೆ ಬೇಡಿ, ಕುತ್ತಿಗೆಗೆ ಚೌಕದ ಮರದ ಹಲಗೆ ತೊಡಿಸಿದ ಕೈದಿಗಳು ಬಾರ್ಖೋರಿನಲ್ಲಿ ಭಿಕ್ಷೆ ಬೇಡುವ ಚಿತ್ರಗಳಿವೆ. ಸೆರೆಮನೆ ಊಟ ಹಾಕುತ್ತಿರಲಿಲ್ಲ, ಬೇಡಿ ತಿನ್ನಬೇಕಿತ್ತು. ಇವನ್ನು ತೆಗೆದವರು ಚೀನಾದ ಪ್ರಚಾರಕರಲ್ಲ, ಟಿಬೆಟ್ ಸರ್ಕಾರದ ಅತಿಥಿಗಳು. ನಿರಾಶ್ರಿತರ ಹಕ್ಕಿನ ಪರ ನಿಲ್ಲುವವರು ಈ ಚಿತ್ರಗಳನ್ನು ಬಚ್ಚಿಡುವುದು ತಪ್ಪು. ಇವೇ ಇಡೀ ಬೀದಿ ಎಂದು ಬೀಜಿಂಗ್ ತೋರಿಸುವುದೂ ಅಷ್ಟೇ ತಪ್ಪು.

ಅಂತರ್ಜಾಲದಲ್ಲಿ ಯಾವ ಚಿತ್ರ ಹೆಚ್ಚು ಸಿಗುತ್ತದೆ ಎಂಬುದನ್ನು ಇತಿಹಾಸವಲ್ಲ, ಪರವಾನಗಿ ತೀರ್ಮಾನಿಸುತ್ತದೆ. 1938-39ರಲ್ಲಿ ಎರ್ನ್ಸ್ಟ್ ಶೇಫರ್ ನೇತೃತ್ವದಲ್ಲಿ ಐವರು ಜರ್ಮನರ ತಂಡ ಟಿಬೆಟ್‌ಗೆ ಹೋಗಿತ್ತು. ಐವರೂ ಎಸ್‌ಎಸ್ ಸದಸ್ಯರು, ಬೆನ್ನಿಗೆ ಆ ನಾಜಿ ಪಡೆಯ ಮುಖ್ಯಸ್ಥ ಹಿಮ್ಲರ್ ಕೃಪೆ. ಅವರು ತೆಗೆದ ಸಾವಿರಾರು ಚಿತ್ರಗಳು ಜರ್ಮನಿಯ ರಾಷ್ಟ್ರೀಯ ದಾಖಲಾಗಾರದಲ್ಲಿದ್ದವು. 2008ರ ಡಿಸೆಂಬರಿನಲ್ಲಿ ಆ ದಾಖಲಾಗಾರ ಎಂಬತ್ತು ಸಾವಿರದಷ್ಟು ಚಿತ್ರಗಳನ್ನು ವಿಕಿಮೀಡಿಯಕ್ಕೆ ಮುಕ್ತವಾಗಿ ಬಿಟ್ಟುಕೊಟ್ಟಾಗ ಟಿಬೆಟಿನವೂ ಅದರಲ್ಲಿ ಬಂದವು. ಇವತ್ತು ಯಾವುದೇ ಲೇಖನಕ್ಕೆ ಹಳೆಯ ಲ್ಹಾಸಾದ ಪುಕ್ಕಟೆ ಚಿತ್ರ ಹುಡುಕಿದರೆ ಸಿಗುವುದರಲ್ಲಿ ಅವು ಮುಂದೆ. ಚಿತ್ರಗಳು ಚೆನ್ನಾಗಿವೆ, ಅದನ್ನು ಅಲ್ಲಗಳೆಯಲಾರೆ. ಆದರೆ ಆ ತಂಡದ ಬ್ರೂನೊ ಬೇಗರ್ ಟಿಬೆಟಿಯನ್ನರ ತಲೆಬುರುಡೆ, ಮುಖಗಳನ್ನು ಅಳೆಯುತ್ತ ಅಲೆದವನು. 1943ರಲ್ಲಿ ಅದೇ ಅಳತೆಪಟ್ಟಿ ಹಿಡಿದು ಆಶ್ವಿಟ್ಜ್‌ನಲ್ಲಿ ಯಹೂದಿ ಕೈದಿಗಳನ್ನು ಆರಿಸಿದ. 86 ಜನರನ್ನು ಅಸ್ಥಿಪಂಜರ ಸಂಗ್ರಹಕ್ಕಾಗಿ ಕೊಂದರು, 1971ರಲ್ಲಿ ಅವನಿಗೆ ಶಿಕ್ಷೆಯಾಯಿತು. ನಗುವ ಟಿಬೆಟಿಯನ್ ಮುಖದ ಚಿತ್ರವನ್ನು ಪ್ರವಾಸ ಲೇಖನಕ್ಕೆ ಅಂಟಿಸುವವರು ಅದು ಯಾವ ತಂಡದ ಕೈಯಿಂದ ಬಂದದ್ದೆಂದು ಒಂದು ಸಾಲಾದರೂ ಬರೆಯಬೇಕು.

ಟಿಬೆಟಿಯನ್ನರ ಕೈಯಲ್ಲೇ ಕ್ಯಾಮೆರಾ ಇರಲಿಲ್ಲವೇ? ಇತ್ತು. ದೇಮೊ ರಿಂಪೊಚೆ (1901-1973) ದೊಡ್ಡ ಅವತಾರ ಪರಂಪರೆಯ ಲಾಮಾ, ಟಿಬೆಟಿನ ಮೊದಲ ಛಾಯಾಗ್ರಾಹಕರಲ್ಲಿ ಒಬ್ಬರು. ಶ್ರೀಮಂತ ತ್ಸಾರೋಂಗ್ ಮನೆತನದಲ್ಲೂ ಕ್ಯಾಮೆರಾ ಇತ್ತು, ಚಲನಚಿತ್ರದ ಕ್ಯಾಮೆರಾ ಕೂಡ. 1966ರ ಆಗಸ್ಟಿನಲ್ಲಿ ಮಾವೊನ ಸಾಂಸ್ಕೃತಿಕ ಕ್ರಾಂತಿಯ ಕೆಂಪು ಕಾವಲುಪಡೆ (ರೆಡ್ ಗಾರ್ಡ್ಸ್) ಜೋಖಾಂಗ್‌ಗೆ ನುಗ್ಗಿತು. ಆ ದಿನಗಳಲ್ಲೇ ದೇಮೊ ರಿಂಪೊಚೆಯನ್ನು ಲ್ಹಾಸಾದ ಬೀದಿಗಳಲ್ಲಿ ಮೆರವಣಿಗೆ ಮಾಡಿ ಅವಮಾನಿಸಲಾಯಿತು. ಅವರ ಕುತ್ತಿಗೆಗೆ ತೂಗುಹಾಕಿದ್ದು ಅವರದೇ ಕ್ಯಾಮೆರಾ. ವಿದೇಶಿಯರ ಜೊತೆ ಕೈಗೂಡಿಸಿದ್ದಕ್ಕೆ ಅದೇ ಸಾಕ್ಷಿಯಂತೆ! ಇದು ನಮಗೆ ತಿಳಿದಿರುವುದು ಇನ್ನೊಬ್ಬರ ಕ್ಯಾಮೆರಾದಿಂದ. ಚೀನೀ ಸೇನೆಯಲ್ಲಿ ಅಧಿಕಾರಿಯಾಗಿದ್ದ ತ್ಸೆರಿಂಗ್ ದೋರ್ಜೆ ಆ ದಿನಗಳನ್ನು ನೂರಾರು ಚಿತ್ರಗಳಲ್ಲಿ ಹಿಡಿದಿಟ್ಟರು. ಅವರು ತೀರಿಕೊಂಡ ಮೇಲೆ ನೆಗೆಟಿವ್‌ಗಳು ಮಗಳಿಗೆ ಸಿಕ್ಕವು. ಮಗಳು ಕವಿ, ಲೇಖಕಿ ತ್ಸೆರಿಂಗ್ ವೋಸೆರ್.

ಮುಂದಿನದು ವೋಸೆರ್ ಮಾಡಿದ ಕೆಲಸ. ಈ ಲೇಖನದ ಎಳೆಯೇ ಅದರಲ್ಲಿದೆ. ಆಕೆ ಚಿತ್ರಗಳನ್ನು ನೇರವಾಗಿ ಅಚ್ಚಿಗೆ ಕಳಿಸಲಿಲ್ಲ. ಲ್ಹಾಸಾದಲ್ಲಿ ಮನೆಮನೆಗೆ ಹೊತ್ತುಕೊಂಡು ಹೋಗಿ, ಹಿರಿಯರ ಮುಂದೆ ಹರಡಿ, ಇವರು ಯಾರು, ಇದು ಯಾವ ಮೂಲೆ, ಆಮೇಲೆ ಏನಾಯಿತು ಎಂದು ವರ್ಷಗಟ್ಟಲೆ ಕೇಳಿದರು. ಹೊಡೆಸಿಕೊಂಡವರ ಹೆಸರು ಸಿಕ್ಕಿತು, ಹೊಡೆದವರ ಹೆಸರೂ ಸಿಕ್ಕಿತು. ಬಾರ್ಖೋರಿನ ಹೆಸರನ್ನೇ ಆಗ 'ಹೊಸದನ್ನು ಸ್ಥಾಪಿಸುವ ಬೀದಿ' ಎಂಬ ಅರ್ಥದ ಚೀನೀ ಹೆಸರಿಗೆ ಬದಲಿಸಿದ್ದೂ ದಾಖಲಾಯಿತು. 2006ರಲ್ಲಿ ತೈವಾನಿನಲ್ಲಿ ಅದು ಪುಸ್ತಕವಾಯಿತು. ಮುಂದೆ ತಂದೆಯ ಹಳೆಯ ಕ್ಯಾಮೆರಾ ಹಿಡಿದು ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. 2013ರ ನವೀಕರಣದ ವಿರುದ್ಧ ಮೊದಲು ಕೂಗೆಬ್ಬಿಸಿದವರಲ್ಲಿ ಆಕೆಯೂ ಒಬ್ಬರು. ನೂರಕ್ಕೂ ಹೆಚ್ಚು ಟಿಬೆಟ್ ವಿದ್ವಾಂಸರು ಷಿ ಜಿನ್‌ಪಿಂಗ್ ಅವರಿಗೂ ಯುನೆಸ್ಕೊಗೂ ಪತ್ರ ಬರೆದರು. ಜೋಖಾಂಗ್ 2000ದಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಆದರೆ ಪಟ್ಟಿಯ ರಕ್ಷಣೆ ದೇಗುಲಕ್ಕಿದ್ದಷ್ಟು ಸುತ್ತಲಿನ ಮನೆಗಳಿಗೆ ಒದಗಲಿಲ್ಲ. ದೇಗುಲದ ಎದುರಿನ ವಿಶಾಲ ಚೌಕವೂ ಹಳೆಯದಲ್ಲ, 1985ರಲ್ಲಿ ಮನೆಗಳನ್ನು ಕೆಡವಿ ಮಾಡಿದ್ದು.

ಆಡಳಿತದ ವಾದವನ್ನೂ ಹೇಳಬೇಕು. ಮರದ ತೊಲೆಗಳ ಹಳೆಯ ಕಟ್ಟಡಗಳು, ಜೋತುಬಿದ್ದ ವಿದ್ಯುತ್ ತಂತಿಗಳು, ಚರಂಡಿಯಿಲ್ಲದ ಓಣಿಗಳು, ನಡುವೆ ಬಟ್ಟೆಯ ಚಪ್ಪರಗಳು. ಬೆಂಕಿಯ ಭಯ ಕಲ್ಪಿತವಲ್ಲ. 2018ರ ಫೆಬ್ರವರಿ 17ರಂದು, ಟಿಬೆಟಿಯನ್ ಹೊಸವರ್ಷದ ಹೊತ್ತಿನಲ್ಲಿ, ಜೋಖಾಂಗ್ ಆವರಣದಲ್ಲೇ ಬೆಂಕಿ ಬಿತ್ತು. ಆದರೆ ಆ ಬೆಂಕಿಯ ಮೊಬೈಲ್ ಚಿತ್ರಗಳು ಚೀನಾದ ಜಾಲತಾಣಗಳಿಂದ ಬೇಗ ಮಾಯವಾದವು. ಎಷ್ಟು ಸುಟ್ಟಿತು ಎಂದು ಸ್ವತಂತ್ರವಾಗಿ ನೋಡಲು ಯಾರಿಗೂ ಬಿಡಲಿಲ್ಲ. 1900ರಲ್ಲಿ ಕ್ಯಾಮೆರಾ ಬಚ್ಚಿಟ್ಟುಕೊಂಡು ಬರಬೇಕಿತ್ತು. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಚಿತ್ರವನ್ನು ಬಚ್ಚಿಡಬೇಕು.

ಇವತ್ತಿನ ಬಾರ್ಖೋರಿಗೆ ಹೋಗಲು ತಪಾಸಣಾ ದ್ವಾರ ದಾಟಬೇಕು. ಒಳಗೆ ಚಿತ್ರ ತೆಗೆಯುವುದೇ ದೊಡ್ಡ ದಂಧೆ. ಚೀನಾದ ಒಳನಾಡಿನಿಂದ ಬಂದ ಪ್ರವಾಸಿ ಯುವತಿಯರು ಬಾಡಿಗೆಗೆ ಟಿಬೆಟಿಯನ್ ಉಡುಪು, ಹವಳದ ಸರ ತೊಟ್ಟು, ಗೋಡೆಗೊರಗಿ ನಿಲ್ಲುತ್ತಾರೆ. ಬಾಡಿಗೆ ಛಾಯಾಗ್ರಾಹಕ ಕ್ಲಿಕ್ಕಿಸುತ್ತಾನೆ. ಹಿನ್ನೆಲೆಯಲ್ಲಿ ನಿಜವಾದ ಅಜ್ಜಿಯೊಬ್ಬಳು ಜಪಚಕ್ರ ತಿರುಗಿಸುತ್ತ ಹಾದುಹೋಗುತ್ತಾಳೆ, ಮಸುಕಾಗಿ. ಹಳೆಯ ಪ್ಲೇಟಿನಲ್ಲೂ ಅವಳು ಮಸುಕಾಗಿಯೇ ಇದ್ದಳು.

ಕೃತಕ ಬುದ್ಧಿಮತ್ತೆಯ ಬಣ್ಣದ ಕಡೆ ಬರೋಣ. ಈ ತಂತ್ರಾಂಶಗಳು ಲಕ್ಷಾಂತರ ಇತರ ಚಿತ್ರಗಳನ್ನು ನೋಡಿ, ಇಂಥ ಬೂದಿಗೆ ಇಂಥ ಬಣ್ಣ ಇರಬಹುದು ಎಂದು ಊಹಿಸುತ್ತವೆ. ಪ್ಲೇಟು ಕೆಂಪನ್ನು ಕಪ್ಪು ಮಾಡಿಟ್ಟಿದೆ ಎಂದು ಅವಕ್ಕೆ ಯಾರೂ ಹೇಳಿರುವುದಿಲ್ಲ. ಹಾಗಾಗಿ ಹವಳ ಕಂದು ಮಣಿಯಾಗುತ್ತದೆ, ಉಟ್ಟ ಬಟ್ಟೆಗಳೆಲ್ಲ ಮಣ್ಣುಬಣ್ಣಕ್ಕೆ ತಿರುಗುತ್ತವೆ, ಆಕಾಶ ಮಾತ್ರ ಕ್ಯಾಲೆಂಡರಿನಂತೆ ನೀಲಿ. ಹವಳದ ಬಣ್ಣ ಹೋದರೆ ಏನು ಮಹಾ ಎನ್ನಬಹುದು. ಹವಳವನ್ನೇ ಮಾರುತ್ತಿದ್ದ ಅಂಗಡಿಯ ಚಿತ್ರದಲ್ಲಿ ಅದು ಸರಕು, ಸರಕಿನ ಬೆಲೆ ಬಣ್ಣದಲ್ಲಿತ್ತು.

ಇನ್ನು ನಮ್ಮ ಪಾಲು. 1959ರ ನಂತರ ಬಂದ ನಿರಾಶ್ರಿತರಿಗೆ ಆಗಿನ ಮೈಸೂರು ರಾಜ್ಯ ಜಾಗ ಕೊಟ್ಟಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟಿಯನ್ನರು ಈಗಲೂ ಕೃತಜ್ಞತೆಯಿಂದ ನೆನೆಯುತ್ತಾರೆ. ಬೈಲಕುಪ್ಪೆ ಅರವತ್ತರ ದಶಕದ ಆರಂಭದಲ್ಲಿ, ಮುಂಡಗೋಡ 1966ರಲ್ಲಿ ಶುರುವಾದವು, ಹುಣಸೂರು, ಕೊಳ್ಳೇಗಾಲದ ಕಡೆಯವು ಆಮೇಲೆ. ಲ್ಹಾಸಾದ ಮೂರು ಮಹಾಮಠಗಳಲ್ಲಿ ಸೇರಾ ಬೈಲಕುಪ್ಪೆಯಲ್ಲಿ, ದ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡದಲ್ಲಿ ಮತ್ತೆ ಕಟ್ಟಲ್ಪಟ್ಟವು. ಈ ದ್ರೆಪುಂಗ್‌ಗೂ ಬಾರ್ಖೋರಿಗೂ ನೇರ ಸಂಬಂಧವಿದೆ. 1409ರಲ್ಲಿ ಆರಂಭವಾದ ಮೋನ್ಲಮ್ ಮಹಾಪ್ರಾರ್ಥನೆಯ ದಿನಗಳಲ್ಲಿ ಲ್ಹಾಸಾ ನಗರದ ಆಡಳಿತವೇ ದ್ರೆಪುಂಗ್‌ನ ಶಿಸ್ತುಪಾಲಕ ಭಿಕ್ಷುಗಳ ಕೈಗೆ ಹೋಗುತ್ತಿತ್ತು. ಪೇಟೆಯ ಕಸ, ಜಗಳ, ದಂಡ ಎಲ್ಲಕ್ಕೂ ಅವರೇ ದಣಿಗಳು, ಜನ ಹೆದರಿ ನಡೆಯುತ್ತಿದ್ದರು. ಮೊದಲ ತಿಂಗಳ ಹುಣ್ಣಿಮೆಯ ರಾತ್ರಿ ಬಾರ್ಖೋರಿನುದ್ದಕ್ಕೂ ಬೆಣ್ಣೆಯಲ್ಲಿ ತಿದ್ದಿದ ಮಾಳಿಗೆಯೆತ್ತರದ ಅಲಂಕಾರಗಳು ನಿಲ್ಲುತ್ತಿದ್ದವು, ಬೆಳಗಾಗುವುದರೊಳಗೆ ತೆಗೆದುಹಾಕುತ್ತಿದ್ದರು.

ಬೈಲಕುಪ್ಪೆಯ ನಮ್ಡ್ರೋಲಿಂಗ್ ಮಠವನ್ನು ನಾವು 'ಗೋಲ್ಡನ್ ಟೆಂಪಲ್' ಎಂದು ಕರೆದು, ಎದುರಿನ ಅಂಗಡಿಸಾಲಿನಲ್ಲಿ ಊದುಬತ್ತಿ, ಮಣಿಸರ, ಉಣ್ಣೆಯ ಟೋಪಿ ಕೊಂಡು, ಮೊಮೊ ತಿಂದು, ನಾಲ್ಕು ಸೆಲ್ಫಿ ತೆಗೆದುಕೊಂಡು ಕೊಡಗಿನ ಬಸ್ ಹತ್ತುತ್ತೇವೆ. ನಮ್ಮ ಚಿತ್ರಗಳಲ್ಲೂ ಅಂಗಡಿಯವರಿಗೆ ಹೆಸರಿಲ್ಲ, ಅದು ಬೇರೆ ಮಾತು. ಈ ವಸತಿಗಳಲ್ಲಿ ಬಾರ್ಖೋರನ್ನು ಸ್ವತಃ ಸುತ್ತಿದವರು ಇನ್ನೂ ಇದ್ದಾರೆ. 1959ರಲ್ಲಿ ಹದಿನೈದು ವರ್ಷದವರಾಗಿದ್ದರೆ ಈಗ ಎಂಬತ್ತು ದಾಟಿದೆ. ಅಪ್ಪನ ಜೊತೆ ಹೇಸರಗತ್ತೆ ಹೊಡೆದುಕೊಂಡು ಬಂದವರು, ಅಮ್ಮನ ಚಪ್ಪರದಡಿ ಆಡಿದವರು, ಮೋನ್ಲಮ್‌ನಲ್ಲಿ ಬೈಸಿಕೊಂಡವರು. ಲ್ಹಾಸಾದ ಒಳಗೆ ಇಂಥ ಪ್ರಶ್ನೆಗಳನ್ನು ಮುಕ್ತವಾಗಿ ಕೇಳುವುದು ಈಗ ಕಷ್ಟ. ಇಲ್ಲಿ ಕೇಳಬಹುದು.

ಆಕ್ಸ್‌ಫರ್ಡಿನ ಚಿತ್ರಗಳು ಅಂತರ್ಜಾಲದಲ್ಲಿ ಇವೆ, ಔಫ್‌ಶ್ನೈಟರ್ ಮತ್ತು ಹಾರರ್ ಎಂಬ ಇಬ್ಬರು ಆಸ್ಟ್ರಿಯನ್ನರು ನಲವತ್ತರ ದಶಕದಲ್ಲಿ ತಯಾರಿಸಿದ ಲ್ಹಾಸಾದ ನಕ್ಷೆ ಇದೆ, ಮೈಸೂರು, ಧಾರವಾಡಗಳಲ್ಲಿ ವಿಶ್ವವಿದ್ಯಾಲಯಗಳಿವೆ. ಟಿಬೆಟಿಯನ್ ಮಾತ್ರವಲ್ಲ, ಕನ್ನಡವನ್ನೂ ಸಲೀಸಾಗಿ ಮಾತನಾಡುವ ಮೊಮ್ಮಕ್ಕಳು ಅದೇ ವಸತಿಗಳಲ್ಲಿ ಬೆಳೆದಿದ್ದಾರೆ. ಬೇಕಾದದ್ದು ಒಂದು ದೊಡ್ಡ ಪರದೆಯ ಟ್ಯಾಬ್, ಒಂದು ಧ್ವನಿಮುದ್ರಣ ಯಂತ್ರ, ಬೆಣ್ಣೆ ಚಹಾ ಆರುವವರೆಗೆ ಕೂರುವ ವ್ಯವಧಾನ. ಚಿತ್ರದ ಕೆಳಗೆ ಆಗ ಏನು ಬರೆಯಬಹುದು? 'ಬಾರ್ಖೋರಿನ ಈಶಾನ್ಯ ಮೂಲೆ, ಗಾಂದೆನ್ ದರ್ಚೆನ್ ಕಂಬದ ಹತ್ತಿರ. ಬೆಳಗಿನ ಹೊತ್ತು. ಚಹಾ ಇಟ್ಟಿಗೆ, ಪಕ್ಕದಲ್ಲಿ ಕಲ್ಕತ್ತಾದ ಬಟ್ಟೆ. ಹಿಂದಿನ ಬಾಗಿಲು ನೇವಾರರ ಅಂಗಡಿಯದು. ಚಿತ್ರ: ರಬ್ದೆನ್ ಲೆಪ್ಚಾ(?). ಕುಳಿತವರು:' ಅಲ್ಲಿಯವರೆಗೆ ನಾನೂ ಬರೆಯಬಲ್ಲೆ, ಮುಂದಿನ ಪದ ನನಗೆ ಗೊತ್ತಿಲ್ಲ. ಈ ವಸತಿಗಳ ನಾಲ್ಕನೆಯ ಕ್ಯಾಂಪಿನಲ್ಲೋ ಆರನೆಯ ಕ್ಯಾಂಪಿನಲ್ಲೋ ಜಗುಲಿಯ ಬಿಸಿಲಿಗೆ ಕುಳಿತ ಯಾರಿಗಾದರೂ ಗೊತ್ತಿರಬಹುದು.